ಅರ್ಧ ತಾಸು ಕುದಿಸಬೇಕಿದ್ದ ಕಾಳು

ಆಗೆಲ್ಲ ನಮ್ಮೂರಿನಲ್ಲಿ ಮುಂಗಾರಿಗೆ ಹೆಸರು ಬಿಟ್ಟರೆ ಬೇರೆ ಬೆಳೆ ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಲಕ್ಷ್ಮೇಶ್ವರದಿಂದ ಶಾಲೆ ಬಿಟ್ಟು ಬರುವಾಗ ದಾರಿಯ ಎರಡೂ ಬದಿಗೆ ಎರೆ ಹೊಲ, ಹೊಲದ ತುಂಬ ಹಸಿ ಹೆಸರುಕಾಯಿ. ಲಂಗದ ಜೇಬು ತುಂಬಿಸಿಕೊಂಡು ಸಿಪ್ಪೆ ಉಗುಳುತ್ತ ಮನೆ ಸೇರುತ್ತಿದ್ದೆವು. ಹಾಗೆ ತಿಂದು ಹೊಟ್ಟೆ ನೋಯಿಸಿಕೊಂಡವರಲ್ಲಿ ನೀವೂ ಇದ್ದೀರಿ, ಸುಳ್ಳು ಹೇಳಬೇಡಿ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೆಸರಿನ ಮೊಳಕೆ ಕಟ್ಟುವುದರಲ್ಲಿ ಓಣಿಗೆಲ್ಲ ಹೆಸರಾದವಳು. ನೆನೆಸಿದ ಕಾಳನ್ನು ಹಳೆಯ ಧೋತರದ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ ಅಡುಗೆಮನೆಯ ಗೂಟಕ್ಕೆ ತೂಗುಹಾಕುತ್ತಿದ್ದಳು. ಮರುದಿನ ಗಂಟು ಬಿಚ್ಚಿದರೆ ಬಿಳಿ ಬಾಲ ಮೂಡಿದ ಕಾಳು. ಅದಕ್ಕೆ ಉಳ್ಳಾಗಡ್ಡಿ, ಉಪ್ಪು, ನಿಂಬೆಹುಳಿ ಬೆರೆಸಿ ರೊಟ್ಟಿಯ ಮೇಲೆ ಹಾಕಿ ಕೊಡುತ್ತಿದ್ದಳು. ಬೇಯಿಸುವ ಮಾತೇ ಇಲ್ಲ. "ಬೆಂಕಿಗೆ ತೋರಿಸಿದ್ರ ಕಾಳಿನಾಗಿನ ಜೀವ ಹೋಗತೈತಿ" ಎನ್ನುತ್ತಿದ್ದಳು. ಹಲ್ಲು ಬಾರದ ಕೂಸುಗಳಿಗೂ ಅದನ್ನೇ ರುಬ್ಬಿ, ಸೋಸಿ, ಬೆಲ್ಲ ಹಾಕಿ ಕುಡಿಸುತ್ತಿದ್ದಳು. ನಾವೆಲ್ಲ ಬೆಳೆದದ್ದೇ ಹಾಗೆ.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷ ನಮ್ಮ ಹೊಲದ ಒಂದು ಮೂಲೆಗೆ ಸೋಯಾಬೀನ್ ಬಂತು. ನಮ್ಮ ಮಣ್ಣಿಗೆ ಯಾವ ತಳಿ ಒಗ್ಗುತ್ತದೆ ಎಂದು ನೋಡುವ ಸಂಶೋಧನೆಯವರು ಅಪ್ಪನನ್ನು ಕೇಳಿ ಅಲ್ಲಿ ಸಣ್ಣ ಸಣ್ಣ ತಾಕುಗಳನ್ನು ಮಾಡಿದರು. ಪ್ರತಿ ತಾಕಿಗೂ ನಂಬರು ಬರೆದ ಬಿದಿರಿನ ಗೂಟ. ಬಾಜು ಹೊಲದವರಿಗೆ ನಗೆಯೋ ನಗೆ. "ಏನೋ ಫಕ್ಕೀರಪ್ಪ, ದಿನಾ ಬಂದು ಗಿಡಕ್ಕ ಹಾಜರಿ ಹಾಕ್ತೀಯೇನು?" ಎಂದು ಅಪ್ಪನನ್ನು ಕಾಡುತ್ತಿದ್ದರು. ಅಪ್ಪ ಮಾತ್ರ ಸಂಜೆ ಹೋಗಿ ಆ ನವಿರುಗೂದಲಿನ ಕಾಯಿಗಳನ್ನು ಮುಟ್ಟಿ ಮುಟ್ಟಿ ನೋಡಿ ಬರುತ್ತಿದ್ದ.

ಅದೇ ಸಂಶೋಧನೆಯ ಇನ್ನೊಂದು ಪಾಲು ಊಟದ್ದು. ಅದಕ್ಕಾಗಿ ಪ್ರತಿ ಮಂಗಳವಾರ ಒಬ್ಬ ಮೇಡಂ ಬರುತ್ತಿದ್ದರು. ಊರಿಗೆಲ್ಲ ಅವರು ಸೋಯಾ ಅಕ್ಕೋರು. ಊರಿನ ಸೊರಗಿದ ಕೂಸುಗಳನ್ನು ಜೋಲಿಯಲ್ಲಿ ಕೂರಿಸಿ ತೂಕ ನೋಡುವುದು, ಸೋಯಾ ಹಿಟ್ಟು ಕೊಡುವುದು, ಮುಂದಿನ ವಾರ ಮತ್ತೆ ತೂಗುವುದು. ನನ್ನ ತಂಗಿ ಗಂಗಿಯೂ ಆ ಪಟ್ಟಿಯಲ್ಲಿದ್ದಳು. ವರ್ಷ ತುಂಬಿ ಎರಡು ತಿಂಗಳಾದರೂ ಎದ್ದು ನಿಂತಿರಲಿಲ್ಲ. ಅಕ್ಕೋರು ತೂಕ ಗುರುತು ಹಾಕುವ ಅವಳ ಕಾರ್ಡಿನಲ್ಲಿ ಚುಕ್ಕಿ ಕೆಂಪು ಪಟ್ಟಿಯಲ್ಲೇ ಇತ್ತು. ಹಿಟ್ಟಿನ ಅಂಬಲಿ ಶುರುವಾದ ಮೇಲೆ ಚುಕ್ಕಿ ಸ್ವಲ್ಪ ಸ್ವಲ್ಪವೇ ಮೇಲೇರಿ ಹಳದಿಗೆ ಬಂತು. ಆ ದಿನ ಅವ್ವ ಕಾರ್ಡನ್ನು ದೇವರ ಜಗಲಿಯ ಮೇಲಿಟ್ಟಳು. ಗಂಗಿ ಗೋಡೆ ಹಿಡಿದು ನಿಂತು ನನ್ನ ಜಡೆ ಜಗ್ಗಿದ್ದೂ ಆ ವಾರವೇ.

ಒಂದು ಮಂಗಳವಾರ ಅಕ್ಕೋರು ಬಂದಾಗ ಮನೆಯಲ್ಲಿ ನಾನು, ಗಂಗಿ ಇಬ್ಬರೇ. ಅವ್ವ, ಆಯಿ ಹೆಸರು ಬಿಡಿಸಲು ಹೋಗಿದ್ದರು. ಅಕ್ಕೋರು ಹಿಟ್ಟಿನ ಜೊತೆಗೆ ಒಂದು ಚೀಲ ಸೋಯಾ ಕಾಳನ್ನೂ ಕೊಟ್ಟರು.

"ನೀಲಾ, ಮುಂದಿನ ಎರಡು ವಾರ ನನಗ ಬರಾಕ ಆಗೂದಿಲ್ಲ. ಹಿಟ್ಟು ತೀರಿದ್ರ ಈ ಕಾಳು ನೆನಸಿ, ಕುದಿಯಾಕ ಹತ್ತಿದ ಮ್ಯಾಲೆ ಅರ್ಧ ತಾಸು ಬಿಟ್ಟು, ಆಮ್ಯಾಲೆ ರುಬ್ಬಿ ಕೊಡಬೇಕು. ಹಸೀದು ಕೊಡಬಾರದು. ಇದು ಹೆಸರಿನಂಗಲ್ಲ. ಹಸಿ ಕಾಳಿನಾಗ ಒಂದು ಅಂಶ ಐತಿ, ಕೂಸಿನ ಹೊಟ್ಟಿಗೆ ಆಗೂದಿಲ್ಲ. ಅವ್ವಗ, ಆಯಿಗ ಇಬ್ಬರಿಗೂ ಹೇಳು."

"ಹೇಳ್ತೀನ್ರಿ" ಎಂದೆ. ಆದರೆ ಹೇಳಲಿಲ್ಲ. ಅಕ್ಕೋರು ಕಾಳು ಕೊಟ್ಟಿದ್ದಾರೆ ಎಂದಷ್ಟೇ ಹೇಳಿದೆ. ಅರ್ಧ ತಾಸಿನ ಮಾತು ನನ್ನೊಬ್ಬಳಿಗೇ ಗೊತ್ತಿದೆ ಎಂಬುದು ನನಗೆ ದೊಡ್ಡ ಸೊಕ್ಕಾಗಿತ್ತು. ಕುದಿಸುವ ದಿನ ನಾನೇ ಒಲೆಯ ಮುಂದೆ ಕೂತು ಎಲ್ಲರಿಗೂ ತೋರಿಸಬೇಕು ಎಂದುಕೊಂಡಿದ್ದೆ.

ಹಿಟ್ಟು ತೀರಿತು. ಆಯಿ ಎಂದಿನಂತೆ ಕಾಳು ನೆನೆಸಿ ಧೋತರದಲ್ಲಿ ಕಟ್ಟಿದಳು. ಮೊಳಕೆ ಬಂದ ದಿನ ಭಾನುವಾರ. ಅಂಗಳದಲ್ಲಿ ಗೆಳತಿಯರು ಗಜಗ ಆಡಲು ಕಾಯುತ್ತಿದ್ದರು. ನಾನು ಹೊಸ್ತಿಲು ದಾಟುವಾಗ ಆಯಿ ಒರಳಿನ ಮುಂದಿನಿಂದ ಕೂಗಿದಳು.

"ನೀಲೀ, ಈ ಕಾಳು ಹೆಂಗ ಮಾಡಬೇಕಂತ ಅಕ್ಕೋರು ಏನರ ಹೇಳ್ಯಾರೇನವಾ?"

ಹೇಳಿದ್ದಾರೆ ಎಂದರೆ ಒಲೆ ಹೊತ್ತಿಸಬೇಕು, ಹಸಿ ಕಟ್ಟಿಗೆ ಊದುತ್ತ ಅರ್ಧ ತಾಸು ಕೂರಬೇಕು. ಆಟ ತಪ್ಪುತ್ತದೆ.

"ಏನೂ ಹೇಳಿಲ್ಲ" ಎಂದು ಓಡಿದೆ.

ಆಯಿ ಹಸಿಯಾಗಿಯೇ ರುಬ್ಬಿ ಸೋಸಿದ ಆ ಕಾಳಿನ ಹಾಲನ್ನು ಗಂಗಿ ಎರಡು ದಿನ ಕುಡಿದಳು. ಹಸಿ ಹುಲ್ಲಿನಂಥ ವಾಸನೆ ಇತ್ತು, ಮುಖ ತಿರುವುತ್ತಿದ್ದಳು. ಆಯಿ ಬೆಲ್ಲ ಹೆಚ್ಚು ಹಾಕಿ, ಕಾಗೆ ತೋರಿಸಿ ಕುಡಿಸಿದಳು. ಮೊದಲು ವಾಂತಿ, ಆಮೇಲೆ ಭೇದಿ. ನಾನು ಆಗಲೂ ಬಾಯಿ ಬಿಡಲಿಲ್ಲ. ಬೈಗುಳದ ಹೆದರಿಕೆ ಅಷ್ಟೇ, ಅದಕ್ಕಿಂತ ದೊಡ್ಡದೇನೋ ಆಗಬಹುದೆಂದು ನನಗೆ ಹೊಳೆಯಲಿಲ್ಲ. ಬುಧವಾರ ಬೆಳಿಗ್ಗೆ ಅವಳ ಕಣ್ಣುಗಳು ಒಳಗೆ ಹೋಗಿದ್ದವು. ಲಕ್ಷ್ಮೇಶ್ವರದ ದವಾಖಾನೆಯಲ್ಲಿ ನೋಡಿದವರು ಗದಗಿಗೆ ಒಯ್ಯಿರಿ ಎಂದರು. ಟೆಂಪೊ ಮುಳಗುಂದ ದಾಟುವುದರೊಳಗೆ ಅವ್ವನ ತೊಡೆಯ ಮೇಲೆ ಎಲ್ಲ ಮುಗಿದಿತ್ತು.

ಮುಂದಿನ ಮಂಗಳವಾರ ಅಕ್ಕೋರು ಹಿಟ್ಟಿನ ಪೊಟ್ಟಣದೊಂದಿಗೆ ಬಂದರು. ಪಡಸಾಲೆಯಲ್ಲಿ ಕೂತವರ ಮುಖ ನೋಡಿಯೇ ಅವರಿಗೆ ತಿಳಿಯಿತು. ಮೆಲ್ಲಗೆ ಕೇಳಿದರು, "ಕಾಳು ಕುದಿಸಿದ್ರಿಲ್ಲೋ?"

"ಕುದಸಬೇಕಂತ ನಮಗೇನ ಗೊತ್ತರಿ ಅಕ್ಕೋರ" ಎಂದಳು ಆಯಿ. "ಎಲ್ಲಾ ಕೂಸಿಗೂ ಹಂಗ ಕೊಟ್ಟೇನಿ. ಯಾರೂ ಹೇಳಲಿಲ್ಲ ನೋಡ್ರಿ."

ಅಕ್ಕೋರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಸಗಣಿ ಸಾರಿಸಿದ ನೆಲದಲ್ಲಿ ಆಯಿಯ ಬೆರಳಿನ ಗೆರೆಗಳಿದ್ದವು.

"ತಪ್ಪು ನಂದರಿ" ಎಂದರು ಅಕ್ಕೋರು. "ನಾನ ನಿಂತು ದೊಡ್ಡವರಿಗೆ ಹೇಳಿ ಹೋಗಬೇಕಿತ್ತು."

ಆಯಿ ಅದನ್ನು ಒಪ್ಪಲಿಲ್ಲ. ಹಸಿ ಕಾಳೇ ಕಾರಣವೋ, ನೀರೋ, ಕೂಸಿನ ನಿಶ್ಶಕ್ತಿಯೋ, ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಆಯಿಗೆ ಮಾತ್ರ ಖಚಿತವಿತ್ತು. ಗೂಟದಲ್ಲಿದ್ದ ಧೋತರದ ತುಂಡನ್ನು ಅವಳೇ ಒಲೆಗೆ ಹಾಕಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಮೊಳಕೆ ಕಾಳಿಲ್ಲ. ಓಣಿಯ ಯಾರೂ ಅವಳನ್ನು ಕೂಸಿಗೆ ಹಾಲು ಕುಡಿಸಲು ಕರೆಯಲಿಲ್ಲ, ಕರೆದರೂ ಅವಳು ಹೋಗುತ್ತಿರಲಿಲ್ಲ. ಸುಗ್ಗಿಯಲ್ಲಿ ಸಂಶೋಧನೆಯವರು ತಾಕಿನ ಕಾಯಿ ಕೊಯ್ದು, ತೂಗಿ, ಗೂಟ ಕಿತ್ತುಕೊಂಡು ಹೋದರು. ಬೆಳೆ ಚೆನ್ನಾಗಿ ಬಂದಿತ್ತಂತೆ.

ಈಗ ನಮ್ಮ ಕಡೆ ಸೋಯಾಬೀನ್ ಹೊಸದಲ್ಲ. ಗದಗಿನ ಅಂಗಡಿಯಲ್ಲಿ ಅದರ ಹಿಟ್ಟಿನ ಪೊಟ್ಟಣ ಸಿಗುತ್ತದೆ, ಮೇಲೆ ನಗುವ ಮಗುವಿನ ಚಿತ್ರ. ನನ್ನ ಮಗಳಿಗೆ ನಾನು ಕಾಳನ್ನು ಗಡಿಯಾರ ನೋಡಿಯೇ ಕುದಿಸುತ್ತೇನೆ. ಅವಳಿಗೆ ಆಯಿಯ ಹೆಸರುಕಾಳಿನ ರುಚಿ ಗೊತ್ತಿಲ್ಲ. ಮೊಳಕೆ ಕಟ್ಟಲು ನನಗೆ ಕೈ ಬರುವುದಿಲ್ಲ.

ಹೋದ ವರ್ಷ ಆಯಿ ಹಾಸಿಗೆ ಹಿಡಿದಾಗ ಗಂಜಿ ಕುಡಿಸಲು ಕೂತಿದ್ದೆ. ಅವಳು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತ, "ಈ ಕೈಯಿಂದನ ಆತವಾ" ಎಂದಳು.

"ನಿಂದಲ್ಲ ಆಯಿ" ಎಂದೆ.

"ಮತ್ತ ಯಾರದು?"

ಅವಳು ನಿಜವಾಗಿ ಕಾಯುತ್ತಿದ್ದಳು. ನಾನು ಚಮಚದ ಗಂಜಿಯನ್ನು ಊದಿದೆ. ಅದು ಆಗಲೇ ಆರಿತ್ತು.