ಹನ್ನೊಂದನೆಯ ಹೆಸರು

ಹಾಲಪ್ಪ ಮೇಷ್ಟ್ರು ಹಳೇಬೀಡಿನ ಯಾವ ವಿಗ್ರಹದೆದುರು ನಿಂತರೂ ಮೊದಲು ಕುಕ್ಕರಗಾಲಲ್ಲಿ ಕೂತು ಪಾದದ ಕೆಳಗಿನ ಕಲ್ಲನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ನೋಡಿದವರು ಭಕ್ತಿಯೆಂದು ತಿಳಿದು ದಾರಿ ಬಿಡುತ್ತಿದ್ದರು. ಅವರು ಹುಡುಕುತ್ತಿದ್ದುದು ಕೆತ್ತಿದವನ ಹೆಸರನ್ನು. ಸಿಕ್ಕರೆ ಹೆಸರು ಹಿಡಿದು ಕರೆದು, "ಚೆನ್ನಾಗಿ ಮಾಡಿದೀಯ ಕಣಯ್ಯ" ಎನ್ನುತ್ತಿದ್ದರು. ದೇವರಿಗೆ ಕೈ ಮುಗಿಯುವುದು ಆಮೇಲೆ.

ಮಾದಿಹಳ್ಳಿಯ ಈ ಮನುಷ್ಯ ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. ನಾನು ಅಲ್ಲಿ ಆಫೀಸ್ ಸೂಪರಿಂಟೆಂಡೆಂಟ್, ಅಂದರೆ ಬೀಗದ ಕೈಗಳ ಚಕ್ರವರ್ತಿ. ತೊಂಬತ್ತರ ದಶಕದ ಕೊನೆಯಲ್ಲಿ, ಅವರಂತೆಯೇ ಕುಕ್ಕರಗಾಲಲ್ಲಿ ಕೂತು ಕಲ್ಲು ನೋಡುತ್ತಿದ್ದ ಅಬೆನಾ ಎಂಬ ಚಿತ್ರಕಲಾವಿದೆ ಹಳೇಬೀಡಿನಲ್ಲಿ ಅವರಿಗೆ ಪರಿಚಯವಾದಳು. ಘಾನಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದವಳು. ಹಿಂದಿರುಗಿದ ಮೇಲೆ ಹನ್ನೊಂದು ಮಂದಿ ಕಲಾವಿದರ ಒಂದೊಂದು ಚಿತ್ರವನ್ನು ಕಾಲೇಜಿಗೆ ಉಡುಗೊರೆ ಕಳಿಸಿದಳು. ಕೆಲವರು ಆಫ್ರಿಕಾದಲ್ಲೇ ಇದ್ದವರು, ಕೆಲವರು ಅವಳಂತೆ ಹೊರಗೆ ಬೇರೂರಿದವರು. ಪ್ರತಿ ಚಿತ್ರದ ಕೆಳಗೂ ಬಿಳಿ ಅಂಚಿನಲ್ಲಿ ಸಹಿ.

"ಕಾಡು, ಸಿಂಹ ಒಂದೂ ಇಲ್ವಲ್ರೀ?" ಎಂದೆ.

"ಅರಸೀಕೆರೆ ಚಿತ್ರ ಬರೀರಿ ಅಂದ್ರೆ ಹುಲಿ ಬರೀತೀರೇನ್ರೀ? ಈಗ ಬದುಕಿರೋ ಜನ ಇವರು. ಬಸ್ ಕಾಯ್ತಾರೆ, ಬಾಡಿಗೆ ಮನೆ ಹುಡುಕ್ತಾರೆ. ಮೊದ್ಲು ನೋಡಿ" ಎಂದರು ಮೇಷ್ಟ್ರು.

ನೋಡಲು ನನಗೆ ಪುರಸೊತ್ತಿರಲಿಲ್ಲ. ಚಿತ್ರಪ್ರದರ್ಶನದ ಉದ್ಘಾಟನೆಗೆ ಎರಡೇ ದಿನ. ಫ್ರೇಮ್ ಅಂಗಡಿಯ ನಂಜುಂಡನ ಬಳಿ ಸಿದ್ಧವಿದ್ದದ್ದು ಲಕ್ಷ್ಮಿ, ಸರಸ್ವತಿಯರ ಅಳತೆಯ ಕಟ್ಟು.

"ಎರಡಿಂಚು ಉದ್ದ ಐತೆ ಸಾ. ಕೆಳಗಿನ ಬಿಳೀದು ಕತ್ತರಿಸ್ಲಾ?"

ಕ್ಯಾಲೆಂಡರಿನ ದೇವರಿಗೆ ಕಟ್ಟು ಹಾಕಿಸುವಾಗ ಕೆಳಗಿರುವ ಅಂಗಡಿಯ ಹೆಸರನ್ನು ಕತ್ತರಿಸುವುದು ನಮ್ಮೂರ ಪದ್ಧತಿ. ನಾನು ಗಂಭೀರವಾಗಿ ಅನುಮತಿ ದಯಪಾಲಿಸಿದೆ.

ಉದ್ಘಾಟನೆಯ ಬೆಳಿಗ್ಗೆ ಮೇಷ್ಟ್ರು ಅಭ್ಯಾಸದಂತೆ ಮೊದಲ ಚಿತ್ರದ ಕೆಳಗೆ ಬಗ್ಗಿದರು. ಎರಡನೆಯದಕ್ಕೂ ಬಗ್ಗಿದರು. ಹನ್ನೊಂದಕ್ಕೂ ಬಗ್ಗಿ ಎದ್ದು, "ಹೆಸರೆಲ್ಲಿ?" ಎಂದರು.

"ನಂಜುಂಡ ಕತ್ತರಿಸಿಬಿಟ್ಟಿದಾನೆ."

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಾನೂ ಇರಲಿಲ್ಲ.

"ಪಾಪ, ಅವನಿಗೇನ್ ಗೊತ್ತು. ಬೈಬೇಡಿ ಅವನ್ನ."

ಚೂರುಗಳು ಆಗಲೇ ನಂಜುಂಡನ ನೀರೊಲೆ ಸೇರಿದ್ದವು. ಅಬೆನಾಳಿಗೆ ಬರೆದ ಕಾಗದ, ಆ ವಿಳಾಸದಲ್ಲಿ ಯಾರೂ ಇಲ್ಲವೆಂದು ಹಿಂದಿರುಗಿತು. ಮೇಷ್ಟ್ರು ನೆನಪಿನಿಂದ ಒಂಬತ್ತು ಹೆಸರು ಬರೆದು ಚೀಟಿ ಅಂಟಿಸಿದರು. ಎರಡು ಚೀಟಿ ಖಾಲಿ. ವರ್ಷ ವರ್ಷವೂ ಪ್ರದರ್ಶನ ನಡೆಸಿದರು. ಕೊಬ್ಬರಿ ಮಂಡಿಯವರ ಮಕ್ಕಳು ಲಾಗೋಸಿನ, ಅಕ್ರಾದ ಕಲಾವಿದರ ಹೆಸರನ್ನು ನೆಂಟರ ಹೆಸರಿನಂತೆ ಹೇಳತೊಡಗಿದರು. ಖಾಲಿ ಚೀಟಿ ಬಂದಾಗ ಮಾತ್ರ ಮೇಷ್ಟ್ರು, "ಇವರಿಗೂ ಹೆಸರೈತೆ. ನಾವು ಕಳೆದಿದೀವಿ" ಎನ್ನುತ್ತಿದ್ದರು. ಆಗ ನಾನು ಬೀಗದ ಕೈಗಳ ಗೊಂಚಲನ್ನು ಪರಿಶೀಲಿಸುತ್ತಿದ್ದೆ.

ನಿವೃತ್ತಿಯ ನಂತರ ಅವರು ಚಿಕಿತ್ಸೆಗೆಂದು ಮೈಸೂರಿಗೆ ಹೊರಟ ದಿನ, ಎಲ್ಲವನ್ನೂ ಒಪ್ಪಿಕೊಳ್ಳುವ ಘನ ಸಂಕಲ್ಪದೊಂದಿಗೆ ಸ್ಟೇಷನ್ನಿಗೆ ಹೋದೆ. ಅವರು ಕಿಟಕಿಯಿಂದ ಒಂದು ಚೀಟಿ ಚಾಚಿದರು.

"ಹತ್ತನೇದು ನೆನಪಾಯ್ತು ಕಣ್ರೀ. ಅಂಗಡಿಗೆ ಹೊತ್ಕೊಂಡೋದೋರು ನೀವಲ್ವಾ? ಹನ್ನೊಂದನೇದು ಏನಾದ್ರೂ ಕಣ್ಣಿಗೆ ಬಿದ್ದಿತ್ತಾ?"

"ಇಲ್ಲ ಮೇಷ್ಟ್ರೇ" ಎಂದೆ. ಸಂಕಲ್ಪ ಅಲ್ಲಿಗೇ ನಿಂತಿತು, ರೈಲು ಹೊರಟಿತು.

ಮೈಸೂರಿನಿಂದ ಅವರು ಮರಳಲಿಲ್ಲ. ಹತ್ತನೆಯ ಚೀಟಿ ಅಂಟಿಸಿ, ಹನ್ನೊಂದನೆಯ ಚಿತ್ರದೆದುರು ಮಂಡಿ ನೋಯುತ್ತಿದ್ದರೂ ಕುಕ್ಕರಗಾಲಲ್ಲಿ ಕೂತೆ. ಅದನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು ಚೀಲ ತಬ್ಬಿಕೊಂಡು ಕೂತಿದ್ದಾಳೆ. ಬಸ್ಸು ಬರುವ ದಿಕ್ಕಿಗೆ ನೋಡುತ್ತಿಲ್ಲ. ಚೆನ್ನಾಗಿ ಮಾಡಿದೀಯ, ಎಂದೆ. ಕರೆಯಲು ಹೆಸರಿರಲಿಲ್ಲ.