ಜರಡಿ ರಾಯರ ಪುರಾವೆ

ಮೊಸರಲ್ಲಿ ಕಲ್ಲು ಹುಡುಕುವುದಕ್ಕೂ ಸಂಬಳ ಕೊಡುವ ಜಾಗವಿದೆ. ವಿಮಾ ಕಂಪನಿಯ ದೂರು ವಿಭಾಗದಲ್ಲಿ, ಕಿಟಕಿಯಿಲ್ಲದ ಮೂಲೆಯಲ್ಲಿ ಕೂರುವ ಜರಡಿ ರಾಯರು ಅದನ್ನೇ ಮಾಡಿಕೊಂಡು ತಲೆ ನರೆಸಿಕೊಂಡವರು. ಅವರ ಕಂಪ್ಯೂಟರಿನಲ್ಲಿ ಒಂದು ಹುಡುಕುವ ಸಾಫ್ಟ್‌ವೇರ್ ಇದೆ. ಪೂರ್ತಿ ಮಾತು ಗೊತ್ತಿರಬೇಕಾಗಿಲ್ಲ. ಮೊದಲು ಇದು, ನಡುವೆ ಏನಾದರೂ ಇರಲಿ, ಕೊನೆಗೆ ಅದು ಎಂದು ಒಂದು ಅಚ್ಚು ಬರೆದು ಕೊಟ್ಟರೆ ಸಾಕು, ರಾಶಿ ರಾಶಿ ಫೈಲು ಜಾಲಾಡಿ ಆ ಅಚ್ಚಿಗೆ ಕೂರುವ ಸಾಲುಗಳನ್ನೆಲ್ಲ ತಂದು ಮುಂದಿಡುತ್ತದೆ. ದೂರು ಕೊಟ್ಟವನು ಎಂದೋ ಮೈಮರೆತು ತನಗೇ ವಿರುದ್ಧವಾಗಿ ಬರೆದ ಒಂದು ಸಾಲು ಸಿಕ್ಕರೆ ರಾಯರಿಗೆ ಹಾಲು ಕುಡಿದಷ್ಟು ಸಂತೋಷ. ಜರಡಿ ಎಂಬ ಹೆಸರನ್ನು ಇಟ್ಟವರು ಸಹೋದ್ಯೋಗಿಗಳು. ರಾಯರು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಕಚೇರಿಯಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಮಹಾನುಭಾವರು ಅದನ್ನು ಮನೆಗೂ ತಂದರು. ಗಂಡ ಹೆಂಡತಿ ಫೋನಿನಲ್ಲಿ ಬರೆದುಕೊಂಡ ಮಾತೆಲ್ಲ ಫೈಲುಗಳಾಗಿ ಕೂತವು. ಜಗಳ ಶುರುವಾಗುತ್ತಲೇ ರಾಯರು ಕನ್ನಡಕ ಏರಿಸುವರು. "ನೀನು ಹಾಗೆ ಹೇಳೇ ಇಲ್ಲ. ನೋಡು, ಒಂದು ಸಾಲೂ ಇಲ್ಲ." ಅಲ್ಲಿಗೆ ತೀರ್ಪು ಮುಗಿಯಿತು.

ಮೊನ್ನೆ ಹೆಂಡತಿಗೆ ಒಂದು ಕಣ್ಣಿನ ಶಸ್ತ್ರಚಿಕಿತ್ಸೆ. ಪಟ್ಟಿ ಕಟ್ಟಿಸಿಕೊಂಡು ಆಕೆ ಆಸ್ಪತ್ರೆಯ ಬಾಗಿಲಲ್ಲಿ ಕಾದೇ ಕಾದಳು. ಕರೆದೊಯ್ಯಬೇಕಾದ ಗಂಡ ಬರಲೇ ಇಲ್ಲ. ಗೋಡೆ ಹಿಡಿದು ಮೆಟ್ಟಿಲಿಳಿದು, ಬಾಡಿಗೆ ಕಾರಿನಲ್ಲಿ ಮನೆ ಸೇರಿದರೆ ರಾಯರು ಕಂಪ್ಯೂಟರಿನ ಮುಂದೆ ಸಿದ್ಧವಾಗಿ ಕೂತಿದ್ದರು.

"ಬನ್ನಿ ಅಂತ ನೀನು ಬರೆದಿಲ್ವಲ್ಲೇ. ಹುಡುಕಿ ನೋಡಿದೆ."

"ಬೆಳಿಗ್ಗೆ ನಿಮ್ಮ ಶರ್ಟಿನ ಗುಂಡಿ ಹೊಲೀತಾ ಬಾಯಲ್ಲಿ ಹೇಳಿದ್ದೆ ರೀ."

"ಬಾಯಿ ಮಾತಿಗೆ ಪುರಾವೆ ಎಲ್ಲಿದೆ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಪಟ್ಟಿ ಕಟ್ಟಿದ ಕಣ್ಣು ಎದುರಿಗೇ ಇತ್ತು. ಆಕೆ ಒಳಗೆ ಹೋಗಿ ಚೀಲ ತುಂಬಿಕೊಂಡು ಬಂದಳು.

"ಅಕ್ಕನ ಮನೆಗೆ ಹೊರಟೆ. ಇನ್ನು ಬರಲ್ಲ. ಇಷ್ಟು ವರ್ಷದಲ್ಲಿ ನೀವು ನನಗೆ ಒಂದೇ ಒಂದು ಸಲ 'ತಪ್ಪಾಯ್ತು' ಅಂದಿದ್ರೆ ಹುಡುಕಿ ತೋರಿಸಿ. ಚೀಲ ಇಲ್ಲೇ ಇಳಿಸ್ತೀನಿ."

ಇದೇನು ಮಹಾ ಎಂದು ರಾಯರು ಅಚ್ಚು ಕೊಟ್ಟರು. ಸಾಲುಗಳು ದಬದಬ ಸುರಿದವು. ಕಣ್ಣಿಗೆ ಬಿದ್ದದ್ದೆಲ್ಲ ಆಕೆಯವೇ. ಊಟ ತಡವಾದದ್ದಕ್ಕೆ ತಪ್ಪಾಯ್ತು, ಜ್ವರ ಬಂದು ಮಲಗಿದ್ದಕ್ಕೆ ತಪ್ಪಾಯ್ತು, ರಾಯರೇ ಕಳೆದ ಬೀಗದ ಕೈಗೂ ತಪ್ಪಾಯ್ತು. ತಾವು ಬರೆದ ಸಾಲಷ್ಟೇ ಬರಲೆಂದು ಅಚ್ಚು ಬಿಗಿ ಮಾಡಿದರು. ಒಂದು ಸಿಕ್ಕೇಬಿಟ್ಟಿತು!

"ನೋಡು, ಇದೆ! ನಾನು ಅಂದಿಲ್ವಾ?"

ಆಕೆ ಬಗ್ಗಿ ಒಂದೇ ಕಣ್ಣಲ್ಲಿ ಗಟ್ಟಿಯಾಗಿ ಓದಿದಳು. "ತಪ್ಪಾಯ್ತು ಅಂತ ನೀನೇ ಒಪ್ಕೊಂಡಿದ್ದೀಯಲ್ಲ, ಇನ್ನೇನು ವಾದ?"

ರಾಯರ ಕಿವಿ ಕೆಂಪಾಯಿತು. ನಿಜವಾಗಿಯೂ ನಾಚಿಕೆಯಾಯಿತು, ಭಯವೂ ಆಯಿತು.

"ಹೋಗಲಿ, ಫೈಲು ಬಿಡಿ. ಈಗ ಬಾಯಲ್ಲಿ ಹೇಳಿ, ಸಾಕು," ಎಂದಳು ಆಕೆ. ಚೀಲ ಇನ್ನೂ ಕೈಯಲ್ಲೇ ಇತ್ತು.

ಮಾತು ಗಂಟಲವರೆಗೆ ಬಂದಿತ್ತು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ರಾಯರು ಅದನ್ನು ನುಂಗಿಕೊಂಡರು.

"ಸ್ವಲ್ಪ ತಡಿ. ಹಳೇ ಫೋನಿನ ಫೈಲು ಇನ್ನೂ ನೋಡಿಲ್ಲ."

ಹಳೇ ಫೋನಿನಲ್ಲೂ ಇರಲಿಲ್ಲ. ಮತ್ತೊಂದು ನೆಪ ಹೇಳಲು ತಲೆ ಎತ್ತಿದರೆ, ಬಾಗಿಲು ತೆರೆದಿತ್ತು.