ಬಂದ ಹೊತ್ತು, ಹೋದ ಹೊತ್ತು

ಎಂಬತ್ತರ ದಶಕದ ನಡುವಿನ ಮಾತು. ನೌಕರಿ ಬಿಟ್ಟು ಅಣ್ಣಿಗೇರಿಯ ನಮ್ಮ ಬಾಡಿಗೆ ಮನೆಯ ಮುಂದೆ ‘ಕಟ್ಟಡ ಸಲಹೆಗಾರರು’ ಎಂದು ತಗಡಿನ ಬೋರ್ಡು ತೂಗಿಸಿ, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಬೋರ್ಡಿನಲ್ಲಿ ಬಹುವಚನವಿದ್ದರೂ ಒಳಗಿದ್ದದ್ದು ನಾನೊಬ್ಬನೇ.

ನಮ್ಮ ಕಡೆ ಎಲ್ಲಾ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲೆ ಕಟ್ಟಿದ ಗೋಡೆಯೂ ಅದರ ಜೊತೆಗೇ ಏಳುತ್ತದೆ, ಕೂರುತ್ತದೆ, ಕೊನೆಗೊಂದು ದಿನ ಸೀಳುತ್ತದೆ. ಎಲ್ಲರಿಗೂ ನನ್ನ ಸಲಹೆ ಒಂದೇ. ಕರಿ ಮಣ್ಣು ಮುಗಿದು ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಅಗೆಯಿರಿ, ಬುನಾದಿಗೆ ಮರಳು ತುಂಬಿರಿ, ಬಚ್ಚಲ ನೀರು ಗೋಡೆಯ ಬುಡಕ್ಕೆ ಬಿಡಬೇಡಿ. ಇಷ್ಟು ಹೇಳಲು ಹತ್ತು ನಿಮಿಷ ಸಾಕು. ಅಲ್ಲಲ್ಲಿ ಗೋಡೆ ಬಡಿದು, ಗಂಭೀರವಾಗಿ ತಲೆ ಅಲ್ಲಾಡಿಸಿದರೆ ಅರ್ಧ ತಾಸಿಗೆ ಎಳೆಯಬಹುದು. ಆದರೆ ಇದನ್ನು ಹೇಳಬೇಕಾದ ಊರು ಮುಟ್ಟಲು ಎರಡು ಬಸ್ಸು, ಮೂರು ತಾಸು.

ಆ ಮೂರು ತಾಸು ಯಾರದು ಎನ್ನುವ ಪ್ರಶ್ನೆ ನನ್ನ ತಲೆ ತಿನ್ನುತ್ತಿತ್ತು. ಹಿಂದೆ ನೌಕರಿಯಲ್ಲಿದ್ದಾಗ ಮುಂಬೈಯಿಂದ ಒಬ್ಬ ಸಲಹೆಗಾರರು ಬಂದಿದ್ದರು. ರಾತ್ರಿಯಿಡೀ ರೈಲಿನಲ್ಲಿ ಮಲಗಿ ಬಂದು, ಆ ರಾತ್ರಿಯನ್ನೂ ಬಿಲ್ಲಿನಲ್ಲಿ ಬರೆದು ಹೋದರು. ನಿದ್ದೆಗೂ ಬಿಲ್ಲು. ಅದನ್ನು ನೋಡಿದ ದಿನದಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಅವಳ ಅಣ್ಣ ಹುಬ್ಬಳ್ಳಿಯಲ್ಲಿ ಗುತ್ತಿಗೆದಾರ. ತನ್ನ ಬಳಿ ಸೂಪರ್‌ವೈಜರ್ ಆಗಿ ಬಾ ಎಂದು ಎರಡು ಪತ್ರ ಬರೆದಿದ್ದ. ದೀಪಾವಳಿಯೊಳಗೆ ಬೋರ್ಡಿನಿಂದ ಮನೆ ನಡೆಸಿ ತೋರಿಸುತ್ತೇನೆ, ಇಲ್ಲದಿದ್ದರೆ ಹೋಗುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಭಾವಮೈದುನನ ಎದುರು ಕೈಕಟ್ಟಿ ನಿಲ್ಲುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹಾದಿಯ ಹೊತ್ತಿಗೂ ಬಿಲ್ಲು ಹುಟ್ಟಿದರೆ ಮಾತ್ರ ನಾನು ಬಚಾವು.

ಆಗಲೇ ಯರಗುಪ್ಪಿಯಿಂದ ಕರೆ ಬಂತು. ಅಲ್ಲಿಯ ಒಬ್ಬ ರೈತರು ಹೊಸ ಮನೆ ಕಟ್ಟಿಸಲು ಹೊರಟಿದ್ದರು. ಹಳೆಯ ಮನೆಯ ಗೋಡೆ ಎಷ್ಟು ಸೀಳಿತ್ತೆಂದರೆ, ಅಡುಗೆಮನೆಯಲ್ಲಿದ್ದವರು ಆ ಸಂದಿಯಿಂದಲೇ ಬೀದಿಯವರ ಜೊತೆ ಮಾತಾಡುತ್ತಿದ್ದರು. ನಾನು ಹೋಗಿ ಗೋಡೆ ಬಡಿದೆ, ತಲೆ ಅಲ್ಲಾಡಿಸಿದೆ, ಗರಸಿನವರೆಗೆ ಅಗೆಯಿರಿ ಎಂದೆ. ಆಮೇಲೆ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಯಜಮಾನರ ತಾಯಿ ಬೇಡವೆಂದಷ್ಟೂ ಬಡಿಸಿದರು. ಉಂಡು ಕೈ ತೊಳೆದು, ಕಾರ್ಬನ್ ಹಾಕಿ ಬರೆದಿದ್ದ ಬಿಲ್ಲನ್ನು ಯಜಮಾನರ ಕೈಗಿಟ್ಟೆ. ಬಂದ ಹೊತ್ತು ಮೂರು ತಾಸು, ಸಲಹೆ ಅರ್ಧ ತಾಸು, ಹೋದ ಹೊತ್ತು ಮೂರು ತಾಸು.

ಅವರು ಕಾಗದವನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಹಾದಿಗೆ ಯಾಕೆ ರೊಕ್ಕ ಎಂದು ಕೇಳುತ್ತಾರೆಂದು ನಾನು ಉತ್ತರ ಕಟ್ಟಿಕೊಂಡು ಕೂತಿದ್ದರೆ ಅವರ ತಕರಾರೇ ಬೇರೆ.

“ಇದೇನ್ರಿ, ಹೋದ ಅಂತ ಬರದೀರಿ? ನೀವು ಇನ್ನೂ ಇಲ್ಲೇ ಕುಂತೀರಿ.”

“ಈಗ ಹೋಗ್ತೀನಲ್ರಿ.”

“ಹೋಗ್ತೀನಿ ಅನಬ್ಯಾಡ್ರಿ, ಬರ್ತೀನಿ ಅನ್ರಿ. ಹೊಸ ಮನಿ ಕೆಲಸ ಇದು. ಬುನಾದಿ ಹಾಕೂದ್ರಾಗ ಹೋದ ಅನ್ನೂ ಅಕ್ಷರ ಮನ್ಯಾಗ ಇಟ್ಕೊಳ್ಳೂದು ಹೆಂಗ್ರಿ?”

ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಯಾರ ಮನೆಯಿಂದಲೂ ನಾವು ಹೋಗುತ್ತೇನೆಂದು ಹೇಳಿ ಏಳುವವರಲ್ಲ, ಬರುತ್ತೇನೆಂದು ಹೇಳಿಯೇ ಹೋಗುವವರು. ಹೋದವರೆಂದರೆ ಸತ್ತವರು. ತಾಯಿಯಂತೂ ಆ ಕಾಗದವನ್ನು ದೇವರ ಕೋಣೆಯ ಕಡೆಗೆ ತರಬೇಡಿ ಎಂದುಬಿಟ್ಟರು. ಅದರಲ್ಲಿ ನನ್ನದೇನು ಗಂಟು ಹೋಗುತ್ತದೆ ಎಂದು ‘ಹೋದ’ ಹೊಡೆದು ‘ಬಂದ’ ಎಂದು ತಿದ್ದಿ, ಪಕ್ಕದಲ್ಲಿ ಸಹಿಯನ್ನೂ ಮಾಡಿಕೊಟ್ಟೆ. ಯಜಮಾನರು ಸಮಾಧಾನಗೊಂಡು, ಬುನಾದಿ ಮುಗಿದ ಮೇಲೆ ಎಲ್ಲಾ ಕೂಡಿಸಿ ಕೊಡುತ್ತೇನೆ ಎಂದರು. ನಾನು ಬರ್ತೀನ್ರಿ ಎಂದೆ. ಹೋಗಿ ಬರ್ರಿ ಎಂದರು.

ಎರಡನೆಯ ಸಲ ಬುನಾದಿ ನೋಡಲು ಹೋದಾಗ ಹಿಂದಿನ ದಿನವೇ ಮಳೆಯಾಗಿತ್ತು. ಬಸ್ಸಿನವ ಅರ್ಧಕ್ಕೇ ಇಳಿಸಿದ. ಹೆಜ್ಜೆಗೊಂದು ಸೇರಿನಂತೆ ಎರೆಮಣ್ಣು ಚಪ್ಪಲಿಗೆ ಅಂಟಿ, ಊರು ಮುಟ್ಟುವಾಗ ನಾನು ಎರಡು ಗೇಣು ಎತ್ತರವಾಗಿದ್ದೆ. ಅಗೆತ ಸರಿಯಾಗಿಯೇ ಇತ್ತು. ಬಿಲ್ಲಿನಲ್ಲಿ ಬಂದ ಹೊತ್ತು ನಾಲ್ಕು ತಾಸು ಎಂದು ಬರೆದುಕೊಟ್ಟೆ.

ಯಜಮಾನರು ಹಳೆಯ ಬಿಲ್ಲನ್ನು ತರಿಸಿದರು. ಎರಡನ್ನೂ ಬಾಜೂಬಾಜು ಇಟ್ಟು ಬಹಳ ಹೊತ್ತು ನೋಡಿದರು.

“ಈ ಹಳೇ ಬಿಲ್ಲಿನ ಪ್ರಕಾರ ನೀವು ಹಿಂದ ಎರಡು ಸಲ ಬಂದೀರಿ. ಹೋಗಿದ್ದು ಎಲ್ಲೂ ಇಲ್ಲ.”

“ನೀವೇ ಹೋದ ಅಂತ ಬರೀಬ್ಯಾಡ್ರಿ ಅಂದ್ರಿ.”

“ಹೌದ್ರಿ, ನಾನಽ ಅಂದೆ. ಆದ್ರ ಕಾಗದ ಏನು ಹೇಳ್ತೈತಿ? ನೀವು ಇಲ್ಲೇ ಅದೀರಿ. ಇಲ್ಲೇ ಇದ್ದವರು ಮತ್ತ ಬರೂದು ಎಲ್ಲಿಂದ?”

ನಗುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ. ಅಕ್ಷರದ ಮೇಲೆ ಅಂಥ ಭಯಭಕ್ತಿ ಇದ್ದ ಮನುಷ್ಯ, ಸಹಿ ಮಾಡಿದ ಕಾಗದ ಸುಳ್ಳು ಹೇಳಬಹುದೆಂದು ಒಪ್ಪಲು ಅವರಿಂದಾಗುತ್ತಿರಲಿಲ್ಲ. ಕಟ್ಟೆಯ ಮೇಲಿದ್ದ ನಿವೃತ್ತ ಮಾಸ್ತರರನ್ನು ಕರೆಸಿದರು. ಮಾಸ್ತರರ ಹಿಂದೆ ಇನ್ನೂ ನಾಲ್ಕು ಜನ ಬಂದರು. ನಾನು ಊರಲ್ಲಿದ್ದೇನೋ ಇಲ್ಲವೋ ಎಂಬ ವಿಚಾರಣೆ ನನ್ನ ಎದುರಿಗೇ ಸುರುವಾಯಿತು.

“ಎರಡು ಸಲ ಬಂದು ಒಮ್ಮೆನೂ ಹೋಗಿಲ್ಲ ಅಂದ್ರ, ಇವರು ಇಬ್ಬರು ಇರಬೇಕು,” ಎಂದರು ಒಬ್ಬರು.

“ಹಂಗಾದ್ರ ಇವರನ್ನ ಮತದಾರರ ಯಾದಿಗೆ ಸೇರಸಬೇಕಾಕ್ಕೈತಿ,” ಎಂದರು ಇನ್ನೊಬ್ಬರು.

ಮಾಸ್ತರರು ಕನ್ನಡಕ ಏರಿಸಿ ನನ್ನತ್ತ ತಿರುಗಿದರು. “ಬಸ್ಸಿನ್ಯಾಗ ಬರೂವಾಗ ಏನು ಮಾಡಿದ್ರಿ?”

“ಏನು ಮಾಡೂದ್ರಿ? ಕೂತಿದ್ದೆ. ಸ್ವಲ್ಪ ನಿದ್ದಿ ಹತ್ತಿತ್ತು.”

“ಇವರ ರೊಕ್ಕದ ವ್ಯಾಳ್ಯಾದಾಗ ನಿದ್ದಿ ಮಾಡಿದ್ರಿ?” ಎಂದರು. ಮುಂಬೈಯವರ ರೈಲಿನ ಕಥೆ ಹೇಳಿದೆ. ಅವರು ಮಲಗಿದರೂ ರೈಲು ನಡೆದಿತ್ತಲ್ಲ, ರೊಕ್ಕ ರೈಲಿಗೆ ಕೊಡಬೇಕಾಗಿತ್ತು ಎಂದರು ಮಾಸ್ತರರು. ಎಲ್ಲರೂ ಹೌದೆಂದರು. ಕೊನೆಗೆ ತೀರ್ಪಾಯಿತು. ನಾನು ಒಂದು ಸಲ ಬಿಲ್ಲು ಬರೆಯದೆ ಹೋಗಬೇಕು, ಆಗ ಕಾಗದ ಸರಿಹೋಗುತ್ತದೆ, ಆಮೇಲೆ ಬೇಕಾದರೆ ಹೊಸದಾಗಿ ಬರಬಹುದು. ಒಳಗಿನಿಂದ ತಾಯಿ, ಇಲ್ಲೇ ಇದ್ದಾರಂದ ಮ್ಯಾಲೆ ಊಟಕ್ಕ ಯಾಕ ಕರೀವಲ್ಲಿರಿ ಎಂದು ಕೇಳಿದರು. ಸಿಟ್ಟಿನಲ್ಲಿಯೇ ಉಂಡೆ. ಊಟ ಚೆನ್ನಾಗಿತ್ತು.

ಮನೆಗೆ ಬಂದರೆ ಹೆಂಡತಿಯ ಕೈಯಲ್ಲಿ ಅಣ್ಣನ ಮೂರನೆಯ ಪತ್ರ. ನಡೆದದ್ದನ್ನು ಕೇಳಿ ಅವಳು ನೋಟ್‌ಬುಕ್ಕು ತಿದ್ದುವುದನ್ನು ಬಿಟ್ಟು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

“ಬಸ್ ಚಾರ್ಜ್ ತಗೊಂಡು ಸುಮ್ಮನಾಗ್ರಿ. ಅವರು ಛಲೋ ಮಂದಿ ಇದ್ದಂಗ ಅದಾರ.”

“ಛಲೋ ಮಂದಿ ಅಂತ ನನ್ನ ಆಯುಷ್ಯ ಬಸ್ಸಿನಾಗ ಪುಕ್ಕಟೆ ಕಳೀಲೇನು?”

“ಹಂಗಾದ್ರ ಅಣ್ಣಗ ಏನು ಬರೀಲಿ?”

ದೀಪಾವಳಿಗೆ ಎರಡು ವಾರ ಉಳಿದಿತ್ತು. ಮೂರನೆಯ ಸಲ ಹೋಗುವಾಗ ನಾನು ಬಸ್ಸಿನಲ್ಲಿ ಕಣ್ಣು ಮುಚ್ಚಲಿಲ್ಲ. ತೂಕಡಿಕೆ ಬಂದಾಗಲೆಲ್ಲ ಎದ್ದು ನಿಂತೆ. ಪಕ್ಕದವರು ಮೂಲವ್ಯಾಧಿಯೇನ್ರಿ ಎಂದು ಮರುಕದಿಂದ ಕೇಳಿದರು. ಬುನಾದಿ ಮುಗಿದು ನೆಲದ ಮೇಲೆ ಎರಡು ಸಾಲು ಕಲ್ಲು ಎದ್ದಿದ್ದವು. ನೋಡಿದೆ, ಸರಿ ಎಂದೆ. ಊಟಕ್ಕೆ ಕರೆಯುವ ಮೊದಲೇ ಹೊಸ ಬಿಲ್ಲು ತೆಗೆದೆ. ಬಂದದ್ದು ಮೂರು ಸಲ, ಹೋದದ್ದು ಮೂರು ಸಲ ಎಂದು ತಾಸಿನ ಸಮೇತ ಬರೆದಿದ್ದೆ. ‘ಹೋದ’ ಎಂಬುದನ್ನು ದಪ್ಪಕ್ಷರದಲ್ಲಿ ಬರೆದಿದ್ದೆ.

“ಶಬ್ದ ಇದಽ ಇರ್ತದ. ನಾನು ಬಂದೀನಿ, ಹೋಗೀನಿ. ಈಗೂ ಹೋಗಾವ. ಇದಕ್ಕ ಒಪ್ಪಿದ್ರ ಕೊಡ್ರಿ, ಇಲ್ಲಂದ್ರ ಇಲ್ಲ ಅನ್ರಿ,” ಎಂದೆ. ದನಿ ಏರಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಯಜಮಾನರು ಈ ಸಲ ವಾದ ಮಾಡಲಿಲ್ಲ, ಮಾಸ್ತರರನ್ನೂ ಕರೆಸಲಿಲ್ಲ. ಒಳಗೆ ಹೋಗಿ ಪೂರ್ತಿ ರೊಕ್ಕ ತಂದು, ಎರಡು ಸಲ ಎಣಿಸಿ ಕೊಟ್ಟರು. ಬಿಲ್ಲನ್ನು ಮನೆಯೊಳಗೆ ಒಯ್ಯದೆ ಹೊರಗಿನ ಸೂರಿಗೆ ಸಿಕ್ಕಿಸಿದರು. ನಾನು ಎದ್ದು ಬರ್ತೀನ್ರಿ ಎಂದೆ.

“ಹೋಗ್ರಿ,” ಎಂದರು.

ನಮ್ಮ ಸೀಮೆಯಲ್ಲಿ ನನಗೆ ಯಾರೂ ಹಾಗೆ ಅಂದಿರಲಿಲ್ಲ. ಬಸ್ ನಿಲ್ದಾಣದವರೆಗೂ ಕಿವಿ ಬಿಸಿಯಾಗಿತ್ತು. ಆದರೆ ಕಿಸೆಯೂ ಬೆಚ್ಚಗಿತ್ತು, ಸುಳ್ಳೇಕೆ ಹೇಳಲಿ. ಹೆಂಡತಿ ಅಣ್ಣನಿಗೆ ‘ನಮ್ಮವರು ಬರುವುದಿಲ್ಲ’ ಎಂದು ಬರೆದಳು. ಬೋರ್ಡು ಉಳಿಯಿತು. ಯರಗುಪ್ಪಿಯ ಸುದ್ದಿ ಸುತ್ತಲಿನ ಊರುಗಳಿಗೂ ಮುಟ್ಟಿ, ಹಾದಿಯ ಹೊತ್ತಿನ ಬಗ್ಗೆ ಆಮೇಲೆ ಯಾರೂ ತಕರಾರು ಮಾಡಲಿಲ್ಲ. ನಾನು ಹೋದಲ್ಲೆಲ್ಲ ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ನನ್ನನ್ನು.

ಮರುವರ್ಷ ಮಳೆ ಮುಗಿದ ಮೇಲೆ ಕುಂದಗೋಳದಲ್ಲಿ ಕೆಲಸವಿತ್ತು. ಅದು ಬೇಗ ಮುಗಿಯಿತು. ಯರಗುಪ್ಪಿಯ ಬಸ್ಸು ನಿಂತಿತ್ತು, ಹತ್ತಿದೆ. ಗೋಡೆ ಹೇಗಿದೆಯೋ ನೋಡಬೇಕೆಂದು ಮನಸ್ಸಿಗೆ ಹೇಳಿಕೊಂಡೆ. ನಿಜವೆಂದರೆ ಆ ಮನೆಯವರನ್ನು ನೋಡಬೇಕಿತ್ತು. ಆ ‘ಹೋಗ್ರಿ’ ವರ್ಷವಿಡೀ ನನ್ನನ್ನು ಚುಚ್ಚಿತ್ತು.

ಹೊಸ ಮನೆಯ ಗೋಡೆಯಲ್ಲಿ ಒಂದು ಕೂದಲೆಳೆಯಷ್ಟೂ ಸೀಳಿರಲಿಲ್ಲ. ಮೂಲೆಯಿಂದ ಮೂಲೆಗೆ ಕೈಯಾಡಿಸಿದೆ. ನನಗೆ ಅಳು ಬರುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಯಜಮಾನರು ಹೊರಗೆ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ನೀರು, ಬೆಲ್ಲ ತರಿಸಿ ಕೊಟ್ಟರು. ಕುಡಿದು ತಂಬಿಗೆ ಕೆಳಗಿಟ್ಟೆ.

“ಎಷ್ಟು ತಾಸಾತ್ರಿ?” ಎಂದು ಕೇಳಿದರು.

“ಕೆಲಸಕ್ಕಲ್ರಿ. ಇಲ್ಲೇ ಕುಂದಗೋಳಕ್ಕ ಬಂದಿದ್ದೆ, ಹಂಗಽ ನಿಮ್ಮನ್ನ ನೋಡಿ ಹೋಗೂಣು ಅಂತ ಬಂದೆ.”

“ಕುಂದಗೋಳದಿಂದ ಅಂದ್ರ ಅರ್ಧ ತಾಸು. ಹೋಗೂದು ಅರ್ಧ,” ಎಂದು ಒಳಗೆ ಹೋಗಿ ನೋಟು ತಂದರು. ಬೇಡವೇ ಬೇಡ ಎಂದೆ. ಕೈ ಹಿಂದೆ ಕಟ್ಟಿಕೊಂಡೆ. ನಾನು ಯಾಕೆ ಬೇಡ ಎನ್ನುತ್ತಿದ್ದೇನೆಂದು ಅವರಿಗೆ ಖರೆಯಾಗಿಯೂ ತಿಳಿಯಲಿಲ್ಲ. ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು.

“ಬ್ಯಾಡ ಅಂದ್ರ ಹೆಂಗ್ರಿ? ಪುಕ್ಕಟ ಬರಾಕ ನೀವೇನು ನಮ್ಮ ಬೀಗರೇನ್ರಿ?”

ಅಲ್ಲ ಎಂದೆ. ಕೈ ಮುಂದೆ ಚಾಚಿ ರೊಕ್ಕ ತೆಗೆದುಕೊಂಡೆ.